ಸೊಳ್ಳೆ ಜೀವಕೋಶದೊಳಗಿನ ಬ್ಯಾಕ್ಟೀರಿಯಾ ಡೆಂಗಿ ವೈರಸ್ ತಡೆಯೋದು ಹೇಗೆ?

ಗುಮ್ಮಟದ ಹುಡುಗ, ವಿಜಯಪುರ:
ನಮ್ಮ ಓಣಿಗೆ ನಳದ ನೀರು ದಿನಾ ಬರಲ್ಲ, ಎಲ್ಲರ ಮನೆ ಮುಂದೆಯೂ ನೀಲಿ ಬ್ಯಾರೆಲ್. ನಿನ್ನೆ ಮುಚ್ಚಳ ತೆಗೆದರೆ ಸೊಳ್ಳೆ ಮರಿಗಳು ತಲೆಕೆಳಗಾಗಿ ನೇತಾಡ್ತಿದ್ದವು, ನನ್ನ ನೆರಳು ಬಿದ್ದದ್ದೇ ತಡ ಎಲ್ಲವೂ ಕೊಂಕುತ್ತಾ ತಳಕ್ಕೆ ಇಳಿದವು. ಆಗ ಒಂದು ಪ್ರಶ್ನೆ ಬಂತು. ಕೀಟಗಳ ಜೀವಕೋಶದೊಳಗೆ ಬದುಕುವ ವೊಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ ಇರುವ ಸೊಳ್ಳೆಯಲ್ಲಿ ಡೆಂಗಿ ಬೆಳೆಯಲ್ಲ ಅಂತಾರೆ. ಆದರೆ ಈಡಿಸ್ ಅಲ್ಬೊಪಿಕ್ಟಸ್ ಅನ್ನೋ ಸೊಳ್ಳೆಯಲ್ಲಿ ಅದು ಮೊದಲಿಂದಲೂ ಇದೆ, ಆದರೂ ಆ ಸೊಳ್ಳೆ ಡೆಂಗಿ ಹಬ್ಬಿಸುತ್ತೆ ಅಲ್ವಾ?

ಪೈಪೆಟ್ ಅಕ್ಕ, ಬೆಳಗಾವಿ:
ಒಳ್ಳೆ ಪ್ರಶ್ನೆ ತಮ್ಮಾ. ಬ್ಯಾಕ್ಟೀರಿಯಾ ಇದೆಯೋ ಇಲ್ವೋ ಅನ್ನೋದಕ್ಕಿಂತ ಒಂದೊಂದು ಜೀವಕೋಶದಲ್ಲಿ ಎಷ್ಟಿದೆ ಅನ್ನೋದು ಮುಖ್ಯ. ಅಲ್ಬೊಪಿಕ್ಟಸ್ ಜೊತೆ ಅದು ಹಳೆಯ ಬಾಡಿಗೆದಾರ, ಕಡಿಮೆ ಸಂಖ್ಯೆಯಲ್ಲಿ ಸುಮ್ನೆ ಇರುತ್ತೆ. ಹಣ್ಣಿನ ನೊಣದಿಂದ ತೆಗೆದು ಡೆಂಗಿ ಹಬ್ಬಿಸುವ ಮುಖ್ಯ ಸೊಳ್ಳೆ ಈಡಿಸ್ ಈಜಿಪ್ಟಿಗೆ ಸೇರಿಸಿದ ವೊಲ್ಬಾಕಿಯಾ ತಳಿ ಹಾಗಲ್ಲ, ತುಂಬಿಕೊಳ್ಳುತ್ತೆ. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಅಂಥ ಸೊಳ್ಳೆ ಬಿಟ್ಟ ಕಡೆ ಡೆಂಗಿ 77% ಕಡಿಮೆಯಾಯಿತು, ಫಲಿತಾಂಶ 2021ರಲ್ಲಿ ಬಂತು.

ತಡೆಯೋದು ಹೇಗೆ ಅಂದರೆ, ವೈರಸ್ಸಿಗೆ ನಕಲು ಮಾಡಿಕೊಳ್ಳಲು ಜೀವಕೋಶದ ಪೊರೆ, ಕೊಲೆಸ್ಟ್ರಾಲ್ ಬೇಕು. ವೊಲ್ಬಾಕಿಯಾಗೆ ಕೊಲೆಸ್ಟ್ರಾಲ್ ತಯಾರಿಸಲು ಬರಲ್ಲ, ಅದೂ ಅಲ್ಲಿಗೇ ಕೈ ಹಾಕುತ್ತೆ. ಒಂದೇ ರೊಟ್ಟಿ ಬುಟ್ಟಿಗೆ ಇಬ್ಬರು. ಆದರೆ ಇದೊಂದೇ ಕಾರಣ ಅಂತ ಪರೀಕ್ಷೆಯಲ್ಲಿ ಬರೆದುಬಿಡಬೇಡ! ಕೀಟದ ಮುಖ್ಯ ವೈರಸ್ ಕಾವಲು ಆರ್‌ಎನ್‌ಎಐ, ಅಂದರೆ ವೈರಸ್ಸಿನ ಆರ್‌ಎನ್‌ಎಯನ್ನು ಕತ್ತರಿಸಿ ಹಾಕುವ ವ್ಯವಸ್ಥೆ. ಅದನ್ನು ಕೆಡಿಸಿದ ಹಣ್ಣಿನ ನೊಣದಲ್ಲೂ ತಡೆ ಉಳಿಯಿತು. ಮತ್ತೆ ತಡೆ ಸಿಗೋದು ಬಹುಪಾಲು ಡೆಂಗಿಯಂಥ ಆರ್‌ಎನ್‌ಎ ವೈರಸ್ ವಿರುದ್ಧ.

ಬೆಂಡೆ ಹೊಲ, ಬಾಗಲಕೋಟೆ:
ಅಕ್ಕಾರೆ, ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ. ಆ ಬಿಸಿಗೆ ನಿಮ್ಮ ಬ್ಯಾಕ್ಟೀರಿಯಾ ಉಳಿಯುತ್ತಾ? ಬಿಳಿನೊಣದಲ್ಲೂ ಇಂಥದ್ದು ಇದ್ದರೆ ಹೇಳಿ, ಅದು ಹಬ್ಬಿಸುವ ವೈರಸ್ಸಿಗೆ ಟೊಮ್ಯಾಟೊ ಎಲೆ ಮುಟುರಿ ಈ ಸಲ ಅರ್ಧ ಬೆಳೆ ಹೋಯಿತು.

ಪೈಪೆಟ್ ಅಕ್ಕ:
ಬಿಸಿ ವಿಷಯ ಸರಿಯಾಗಿ ಹಿಡಿದಿರಿ ಅಣ್ಣಾ. ಮರಿ ಬೆಳೆಯುವ ನೀರು ದಿನಾ 37 ಡಿಗ್ರಿವರೆಗೆ ಕಾದರೆ ಹಣ್ಣಿನ ನೊಣದಿಂದ ಬಂದ ಆ ವೊಲ್ಬಾಕಿಯಾ ತಳಿ ಬಹಳ ಕುಗ್ಗುತ್ತೆ. ಅಲ್ಬೊಪಿಕ್ಟಸ್‌ನಿಂದ ತೆಗೆದ ತಳಿ ಹೆಚ್ಚು ತಾಳುತ್ತೆ, ಅದಕ್ಕೇ ಮಲೇಷ್ಯಾದಲ್ಲಿ ಅದನ್ನೇ ಈಡಿಸ್ ಈಜಿಪ್ಟಿಗೆ ಸೇರಿಸಿ ಬಳಸಿದರು. ಪುದುಚೇರಿಯಲ್ಲಿರುವ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆ ಎರಡೂ ತಳಿ ಸೇರಿಸಿದ ಸೊಳ್ಳೆ ಬೆಳೆಸಿದೆ.

ಬಿಳಿನೊಣದ ಕಥೆ ಮಾತ್ರ ಉಲ್ಟಾ. ಕೆಲವು ಬಿಳಿನೊಣಗಳೊಳಗಿನ ಹ್ಯಾಮಿಲ್ಟೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಒಂದು ಪ್ರೋಟೀನ್ ಮಾಡುತ್ತೆ, ಎಲೆ ಮುಟುರು ವೈರಸ್ ಅದಕ್ಕೆ ಅಂಟಿಕೊಂಡು ಕೀಟದ ರಕ್ತದಲ್ಲಿ ನಾಶವಾಗದೆ ಜೊಲ್ಲಿನ ಗ್ರಂಥಿ ತಲುಪುತ್ತೆ. ಅಲ್ಲಿ ಬ್ಯಾಕ್ಟೀರಿಯಾ ವೈರಸ್ಸಿನ ಪಕ್ಷ.

ಬೆಂಡೆ ಹೊಲ:
ಅಂದರೆ ನಮ್ಮ ಹೊಲದಲ್ಲಿ ಅವು ಮೂರೂ ಸೇರಿಕೊಂಡಿವೆ ಅನ್ನಿ.