ಕುಟುಂಬದ ಗ್ರೂಪಿನಲ್ಲಿ ಕಟಕಟ

ಆದಿತ್ಯವಾರ ಬೆಳಿಗ್ಗೆ ನೀರುದೋಸೆ ತಿನ್ನುತ್ತಾ ಫೋನ್ ತೆಗೆದರೆ ಕುಟುಂಬದ ಗ್ರೂಪಿನಲ್ಲಿ 64 ಮೆಸೇಜು. ಯಾರೋ ಹೋಗಿಬಿಟ್ಟರಾ ಅಂತ ಎದೆ ಧಸಕ್ಕೆಂದಿತು. ಹಾಗೇನಿಲ್ಲ. ಉಡುಪಿಯ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದ್ದರು.

"ಎಚ್ಚರ! ಆಕ್ಸಿಲರೇಟರ್ ಒತ್ತಿದಾಗ ನಿಮ್ಮ ಕಾರು ಶಬ್ದ ಮಾಡುತ್ತದೆಯೇ? ಇ20 ಪೆಟ್ರೋಲ್ ಕಾರಿನ ರಬ್ಬರ್ ತಿನ್ನುತ್ತಿದೆ! 10 ಜನರಿಗೆ ಕಳಿಸಿ."

ಕೆಳಗೆ ಅವರದ್ದೇ ಒಂದು ಸಾಲು: "ನನ್ನ ಕಾರೂ ಒಂದು ವಾರದಿಂದ ಕಟಕಟ ಅನ್ನುತ್ತಿದೆ. ಕಾರಣ ಈಗ ಗೊತ್ತಾಯಿತು."

ಮಣಿಪಾಲದಲ್ಲಿರುವ ಚಿಕ್ಕಪ್ಪನ ಮಗ ಎಲ್ಲದಕ್ಕೂ ಸಾಕ್ಷಿ ಕೇಳುವವನು, ಬಿಡುತ್ತಾನಾ? "ಇದನ್ನು ಬರೆದದ್ದು ಯಾರು ದೊಡ್ಡಪ್ಪ? ಇ20 ಅಂದರೆ ಪೆಟ್ರೋಲಿನಲ್ಲಿ ಶೇಕಡ 20 ಎಥೆನಾಲ್. ಅದರ ಆಕ್ಟೇನ್ ಪೆಟ್ರೋಲಿಗಿಂತ ಜಾಸ್ತಿ, ಹಾಗಾಗಿ ಎಂಜಿನ್ ನಾಕಿಂಗ್, ಅಂದರೆ ಒಳಗಿನ ಬಡಿತದ ಶಬ್ದ, ಕಡಿಮೆಯೇ ಆಗಬೇಕು. ಮೈಲೇಜು ಸ್ವಲ್ಪ ಇಳಿಯುತ್ತದೆ, ಹಳೇ ಗಾಡಿಯಲ್ಲಿ ಪೆಟ್ರೋಲ್ ಪೈಪಿನ ರಬ್ಬರ್ ಹಾಳಾಗಬಹುದು, ಒಪ್ಪುತ್ತೇನೆ. ಕಟಕಟ ಎಲ್ಲಿಂದ ಬಂತು?"

"ಬರೆದದ್ದು ಯಾರಾದರೆ ಎಂತ? ಹಿರಿಯರು ಹಾಕಿದ್ದನ್ನು ಎಲ್ಲರೆದುರು ಹೀಗೆ ಪ್ರಶ್ನೆ ಮಾಡಬಾರದು." ಇದು ಅತ್ತೆ. "ನಾವೆಲ್ಲ ಬಸ್ಸಿನಲ್ಲೇ ಓಡಾಡಿದವರು. ಈಗ ಬ್ರೆಡ್ಡು ತರಲೂ ಕಾರು ಬೇಕು." ಇದು ಯಾರಿಗೆ ಹೇಳಿದ್ದೋ. ನಮ್ಮಲ್ಲಿ ಬ್ರೆಡ್ಡು ತರಲು ಕಾರು ತೆಗೆಯುವವರು ದೊಡ್ಡಪ್ಪ ಒಬ್ಬರೇ.

ಅಷ್ಟರಲ್ಲಿ ಕುಂದಾಪುರದ ಭಾವ ಬಂದರು. ಅತ್ತೆಯ ಮಗ. "ಅಜ್ಜನ ಅಂಬಾಸಿಡರ್ ನೆನಪುಂಟಾ? ಸ್ಟೀರಿಂಗಿನ ಹತ್ತಿರವೇ ಗೇರು. ಒಂಬತ್ತು ಜನ ಹತ್ತಿಕೊಂಡು ಆಗುಂಬೆ ಘಾಟಿ, 14 ತಿರುವು, ಎರಡು ತಿರುವಿಗೊಮ್ಮೆ ಯಾರಾದರೊಬ್ಬರು ವಾಂತಿ. ಆಹಾ, ಏನು ದಿನಗಳು."

ಆಗುಂಬೆ ಅಂದದ್ದೇ ತಪ್ಪಾಯಿತು. ದೊಡ್ಡಪ್ಪ ಸಿಡಿದರು.

"ಆಗುಂಬೆ ವಿಷಯ ನೀನು ಮಾತಾಡಬೇಡ ಮಾರಾಯ. ಶೃಂಗೇರಿಗೆ ಅಂತ ನನ್ನ ಕಾರು ಕೊಂಡುಹೋಗಿ, ಘಾಟಿಯುದ್ದಕ್ಕೂ ಹಾಫ್ ಕ್ಲಚ್ಚಿನಲ್ಲೇ ಹತ್ತಿಸಿ, ಪ್ಲೇಟು ಸುಟ್ಟು ತಂದದ್ದು ಯಾರು? ಬಿಲ್ಲು ಕಟ್ಟಿದ್ದು ಯಾರು?"

"ಪ್ಲೇಟು ಮೊದಲೇ ಸವೆದಿತ್ತು ಮಾವ. ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ ಅಂತ ಹೊರಡುವ ಮೊದಲೇ ಮನೆಯಲ್ಲಿ ಹೇಳಿದ್ದೆ."

ಮನೆಯಲ್ಲಿ ಅಂದರೆ ದೊಡ್ಡಮ್ಮನ ಹತ್ತಿರ. ದೊಡ್ಡಮ್ಮ ಆನ್‌ಲೈನ್ ಇದ್ದರು, ಬಾಯಿ ಬಿಡಲಿಲ್ಲ. ಆದರೆ ಅತ್ತೆ ಬಿಟ್ಟರು. ಹಿರಿಯರನ್ನು ಪ್ರಶ್ನೆ ಮಾಡಬಾರದು ಅಂತ ಹತ್ತು ನಿಮಿಷದ ಹಿಂದೆ ಬರೆದವರು, "ಅಣ್ಣ, ನನ್ನ ಮಗನ ಮೇಲೆ ಸುಮ್ನೆ ಹಾಕಬೇಡ" ಅಂತ ಶುರುಮಾಡಿ, ಅಜ್ಜನ ಮನೆ ಪಾಲಾದಾಗಿನ ತಾಮ್ರದ ಹಂಡೆಯವರೆಗೆ ಹೋದರು.

ನಡುವೆ ನಾನೂ ಬಾಯಿ ಹಾಕಿದೆ. "ದೊಡ್ಡಪ್ಪ, ನಿಂತಲ್ಲೇ ನ್ಯೂಟ್ರಲ್‌ನಲ್ಲಿಟ್ಟು ರೇಸ್ ಮಾಡಿ ನೋಡಿ. ಆಗಲೂ ಶಬ್ದ ಬಂದರೆ ಎಂಜಿನ್ ಕಡೆಯದ್ದು: ಬೆಲ್ಟ್, ಸೈಲೆನ್ಸರ್, ಸಡಿಲವಾದ ತಗಡು, ಹೀಗೆ ಏನಾದರೂ. ಓಡುವಾಗ ಮಾತ್ರ ಬಂದರೆ ಮೊದಲು ಚಕ್ರದ ಕಡೆ ನೋಡಬೇಕು. ತಿರುಗಿಸುವಾಗ ಜಾಸ್ತಿಯಾ?" ಒಂದು ಹೆಬ್ಬೆರಳು ಬಂತು. ಚಿಕ್ಕಮ್ಮನದು. ಅವರು ಶ್ರದ್ಧಾಂಜಲಿಗೂ ಅದನ್ನೇ ಹಾಕುತ್ತಾರೆ.

ಹಂಡೆ ಯಾರ ಮನೆಯಲ್ಲಿದೆ ಅಂತ ತೀರ್ಮಾನ ಆಗುವ ಹೊತ್ತಿಗೆ ಮಣಿಪಾಲದಿಂದ ಮತ್ತೊಂದು ಪ್ರಶ್ನೆ: "ಒಂದು ನಿಮಿಷ. ದೊಡ್ಡಪ್ಪ, ನಿಮ್ಮದು ಡೀಸೆಲ್ ಕಾರಲ್ವಾ?"

ಕಾಲು ಗಂಟೆ ಗ್ರೂಪು ತಣ್ಣಗಾಯಿತು.

"ಡೀಸೆಲ್ ಆದರೆ ಎಂತ? ಎರಡೂ ಒಂದೇ ಬಂಕಿನಲ್ಲಿ ಹಾಕುವುದಲ್ವಾ?"

ಬುಧವಾರ ದೊಡ್ಡಪ್ಪ ಗ್ಯಾರೇಜಿನಿಂದ ಫೋಟೋ ಕಳಿಸಿದರು. ಎದುರಿನ ಎಡ ಚಕ್ರದ ಆಕ್ಸಲ್ ಬೂಟು, ಅಂದರೆ ಆಕ್ಸಲಿನ ಜಾಯಿಂಟಿಗೆ ಹಾಕುವ ಮುಚ್ಚಿಗೆ, ಹರಿದು ಗ್ರೀಸೆಲ್ಲ ರಿಮ್ಮಿಗೆ ಸಿಡಿದಿತ್ತು. ಹರಿದಲ್ಲಿಂದ ಮಳೆನೀರು, ಮಣ್ಣು ಒಳಗೆ ಹೋಗಿ ಆ ಜಾಯಿಂಟು (ಸಿವಿ ಜಾಯಿಂಟು ಅನ್ನುತ್ತಾರೆ, ಚಕ್ರ ತಿರುಗಿಸಿದಾಗಲೂ ಎಂಜಿನ್ನಿನ ಬಲ ಅದಕ್ಕೆ ಮುಟ್ಟಿಸುವುದು ಇದೇ) ಸವೆದಿದೆ. ಉಡುಪಿಯ ಕಲ್ಸಂಕ ಸರ್ಕಲ್ಲಿನಲ್ಲಿ ಸ್ಟೀರಿಂಗ್ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಕಟಕಟ ಅಂದದ್ದು ಅದು. ಹರಿದ ಕೂಡಲೇ ನೋಡಿದ್ದರೆ ಹೊಸ ಬೂಟು, ಸ್ವಲ್ಪ ಗ್ರೀಸಿನಲ್ಲಿ ಮುಗಿಯುತ್ತಿತ್ತು, ಈಗ ಜಾಯಿಂಟೇ ಹೊಸದು ಹಾಕಬೇಕು.

ಫೋಟೋದ ಕೆಳಗೆ ದೊಡ್ಡಪ್ಪ: "ನೋಡಿದಿರಾ? ಬೂಟು ಎಂತದ್ದು? ರಬ್ಬರಿನದು. ಮೆಸೇಜಿನಲ್ಲಿ ಅದೇ ತಾನೇ ಬರೆದದ್ದು?"

ಮಣಿಪಾಲದವನು ಟೈಪ್ ಮಾಡುತ್ತಿದ್ದಾನೆ ಅಂತ ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಅವನಿಗಿಂತ ಮೊದಲು ಭಾವನ ಮೆಸೇಜು ಬಂತು.

"ಮಾವ, ಇದರ ಬಿಲ್ಲು ನನ್ನ ಲೆಕ್ಕಕ್ಕೆ ಬೇಡ."