ಹಳೆಯ ಟ್ರಾಕ್ಟರಿನ ಲಿಫ್ಟ್ ನಿಂತಲ್ಲಿ ನಿಲ್ಲುತ್ತಿಲ್ಲ, ವಾಲ್ವ್ ಬದಲಿಸಬೇಕೇ?

ಹೊಸನಗರದ ಕೃಷಿಕ:
ನಮ್ಮಲ್ಲಿರುವುದು 35 ಎಚ್‌ಪಿಯ ಹಳೆಯ ಟ್ರಾಕ್ಟರ್. ಹೈಡ್ರಾಲಿಕ್ ಪಂಪ್ ಒಳಗೆ ಎಣ್ಣೆಯಲ್ಲೇ ಮುಳುಗಿರುವ ಫರ್ಗ್ಯುಸನ್ ಮಾದರಿ. ಬೆಳಿಗ್ಗೆ ಹಿಂದಿನ ಲಿಫ್ಟಿಗೆ ಕಟ್ಟಿದ ರೋಟವೇಟರ್ (ತಿರುಗುವ ಅಲಗುಗಳಿಂದ ಮಣ್ಣು ಪುಡಿಮಾಡುವ ಉಪಕರಣ) ಸಲೀಸಾಗಿ ಏಳುತ್ತದೆ. ಎಣ್ಣೆ ಬಿಸಿಯಾಯಿತೆಂದರೆ ಎತ್ತಿ ಹಿಡಿದಲ್ಲೇ ತುಸು ಇಳಿಯುವುದು, ಜಗ್ಗಿ ಮೇಲೇರುವುದು, ಮತ್ತೆ ಇಳಿಯುವುದು. ಎಂಜಿನ್ ನಿಲ್ಲಿಸಿದರೆ ಕಾಫಿ ಕುಡಿದು ಬರುವುದರೊಳಗೆ ನೆಲ ಮುಟ್ಟಿರುತ್ತದೆ. ಕಂಟ್ರೋಲ್ ವಾಲ್ವ್ ಸಮೇತ ಪಂಪನ್ನೇ ಬದಲಿಸಬೇಕು ಎನ್ನುತ್ತಾರೆ ಮೆಕ್ಯಾನಿಕ್. ಸಸಿ ನಾಟಿಗೆ ಬಂದಿದೆ, ಗದ್ದೆ ಹೂಡಿ ಮುಗಿದಿಲ್ಲ. ಅಷ್ಟು ಹಣ ಸುರಿಯುವ ಮೊದಲು ನಾವೇ ನೋಡಬಹುದಾದದ್ದು ಏನಾದರೂ ಇದೆಯೇ?

ತೀರ್ಥಹಳ್ಳಿಯ ಹಳೆ ಮೆಕ್ಯಾನಿಕ್:
ಸದ್ಯ ವಾಲ್ವಿಗೆ ಕೈ ಹಚ್ಚಬೇಡಿ ಮಾರಾಯರೇ. ಇಳಿದ ಲಿಫ್ಟನ್ನು ಮತ್ತೆ ಮೇಲಕ್ಕೆ ತರುತ್ತಿರುವುದೇ ಅದು! ಭಾರ ಕುಸಿದಾಗ ಒಳಗಿನ ಲಿವರ್ ವಾಲ್ವನ್ನು ತೆರೆಯುತ್ತದೆ, ಪಂಪ್ ಎಣ್ಣೆ ತುಂಬುತ್ತದೆ, ಮಟ್ಟ ಸಿಕ್ಕಿದೊಡನೆ ಮುಚ್ಚುತ್ತದೆ. ಪ್ರಶ್ನೆ ಇರುವುದು ತುಂಬಿದ ಎಣ್ಣೆ ಎಲ್ಲಿ ಸೋರುತ್ತಿದೆ ಎಂಬುದರಲ್ಲಿ. ಬಿಸಿ ಎಣ್ಣೆ ತೆಳುವಾಗುವುದರಿಂದ ಸೋರಿಕೆ ಆಗ ಹೆಚ್ಚು ಕಾಣುತ್ತದೆ, ಅಷ್ಟೇ.

ನೋಡುವುದು ಸುಲಭ. ಈ ಮಾದರಿಯಲ್ಲಿ ಪಂಪ್ ತಿರುಗಲು ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಕೊಡುವ ಶಾಫ್ಟ್) ಹಾಕಲೇಬೇಕು, ಆಗ ರೋಟವೇಟರೂ ತಿರುಗುತ್ತದೆ. ಹಾಗಾಗಿ ಅದನ್ನು ಬಿಚ್ಚಿಟ್ಟು, ತಿರುಗುವ ಭಾಗವಿಲ್ಲದ ಕಲ್ಟಿವೇಟರ್ ಕಟ್ಟಿ. ಸ್ವಲ್ಪ ಎಣ್ಣೆ ಇಳಿಸಿ, ಪಕ್ಕದ ಮುಚ್ಚಳ ತೆಗೆಯಿರಿ. ಭಾರ ಎತ್ತಿ, ಎಂಜಿನ್ ನಿಲ್ಲಿಸಿ, ಒಳಗೆ ಟಾರ್ಚ್ ಬಿಡಿ. ಮೇಲಿನ ಸಿಲಿಂಡರಿನ ಬಾಯಿಂದ ಎಣ್ಣೆ ಇಳಿಯುತ್ತಿದ್ದರೆ ಪಿಸ್ಟನ್ನಿನ ಸೀಲ್ ಹೋಗಿದೆ. ಪಂಪಿನಿಂದ ಮೇಲೇರುವ ಪೈಪಿನ ಬುಡದಲ್ಲೋ ತಲೆಯಲ್ಲೋ ಒಸರುತ್ತಿದ್ದರೆ ಅಲ್ಲಿನ ರಬ್ಬರ್ ಬಳೆ, ಅಂದರೆ ಓ-ರಿಂಗ್ ಹೋಗಿದೆ, ಪುಡಿಗಾಸಿನ ಕೆಲಸ. ಎರಡೂ ಒಣಗಿದ್ದು ಎಣ್ಣೆ ಪಂಪಿನ ಕಡೆಯಿಂದಲೇ ಬರುತ್ತಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಕಲ್ಟಿವೇಟರಿನ ಅಡಿಗೆ ಮರದ ದಿಮ್ಮಿ ಇಟ್ಟಿರಿ. ಅದರ ಕೆಳಗೆ ಕೈಯಾಗಲಿ ಕಾಲಾಗಲಿ ಹೋಗಕೂಡದು.

ಸಾಗರದಿಂದ ಒಬ್ಬರು:
ಎಣ್ಣೆಯ ಬಣ್ಣವನ್ನೂ ನೋಡಿ. ನಮ್ಮ ಕಡೆಯ ಮಳೆಗೆ ಗೇರ್ ಲಿವರಿನ ಬುಡದ ರಬ್ಬರ್ ಹರಿದಿದ್ದರೆ ಸಾಕು, ನೀರು ನೇರ ಒಳಕ್ಕೆ. ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಾಣುತ್ತದೆ. ಅನುಮಾನವಿದ್ದರೆ ಹಳೆಯ ತಗಡನ್ನು ಕಾಯಿಸಿ ಒಂದು ಹನಿ ಬಿಡಿ; ಚಟಪಟ ಸಿಡಿದರೆ ನೀರಿದೆ. ಕನ್ನಡಕ ಹಾಕಿಕೊಂಡೇ ಮಾಡಿ.

ಹೊಸನಗರದ ಕೃಷಿಕ:
ನೋಡಿದೆವು. ಪೈಪಿನ ಎರಡೂ ತುದಿ ಒಣಗಿವೆ. ಸಿಲಿಂಡರಿನ ಬಾಯಿಂದ ಎಣ್ಣೆ ಎಳೆಯಾಗಿ ಇಳಿಯುತ್ತಿದೆ, ಭಾರ ನೆಲಕ್ಕೆ ಕೂತೊಡನೆ ನಿಂತುಹೋಗುತ್ತದೆ. ಎಣ್ಣೆ ಸಿಡಿಯಿತು. ಗೇರ್ ಲಿವರಿನ ರಬ್ಬರ್ ಇದೆ ಎನ್ನುವುದಕ್ಕಷ್ಟೇ ಇದೆ.

ತೀರ್ಥಹಳ್ಳಿಯ ಹಳೆ ಮೆಕ್ಯಾನಿಕ್:
ಸರಿ, ಪಿಸ್ಟನ್ ಸೀಲ್. ಸಿಲಿಂಡರ್ ಮೇಲಿನ ಲಿಫ್ಟ್ ಕವರಿನ ಅಡಿಗೇ ಬೋಲ್ಟ್ ಆಗಿರುತ್ತದೆ, ಕವರ್ ಎತ್ತಲೇಬೇಕು. ಒಳ್ಳೆಯ ಭಾರವಿದೆ. ಗೆದ್ದಲು ತಿಂದ ಕೊಟ್ಟಿಗೆ ತೊಲೆಗೆ ಚೈನ್ ಪುಲ್ಲಿ ಕಟ್ಟಬೇಡಿ. ಸಿಲಿಂಡರಿನ ಒಳಗೋಡೆಯನ್ನು ಉಗುರಿನಿಂದ ಸವರಿ. ಗೀರು ಸಿಕ್ಕಿದರೆ ಬರೀ ಸೀಲ್ ಹಾಕಿ ಪ್ರಯೋಜನವಿಲ್ಲ. ಅಂಗಡಿಗೆ ಹೋಗುವಾಗ ಹಳೆಯ ಸೀಲನ್ನು ಜೇಬಿಗೆ ಹಾಕಿಕೊಂಡು ಹೋಗಿ, ಬಾಯಿಮಾತಿನ ಅಳತೆ ನಂಬಬೇಡಿ. ಗೇರ್ ಲಿವರಿನ ರಬ್ಬರನ್ನೂ ಅಲ್ಲೇ ಕೇಳಿ ತನ್ನಿ, ಅದಾದ ಮೇಲೆ ಹೊಸ ಎಣ್ಣೆ ಹೊಯ್ಯಿರಿ.