ಜವಳಿ ಅಂಗಡಿಯ ಸೇಲ್ಸ್‌ಗೆ ಬಂದ ಹುಡುಗರು ಮೂರು ತಿಂಗಳೂ ನಿಲ್ಲುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ದಾವಣಗೆರೆ_ಜವಳಿ:
ಸೀರೆ, ರೆಡಿಮೇಡ್ ಎರಡೂ ಇರುವ ಅಂಗಡಿ. ಸೇಲ್ಸ್‌ಗೆ 14 ಜನ. ಹಳಬರು ಗಟ್ಟಿಯಾಗಿ ನಿಂತಿದ್ದಾರೆ. 19-23ರ ವಯಸ್ಸಿನವರು ಮಾತ್ರ ಎರಡು ತಿಂಗಳಿಗೇ ಬಿಟ್ಟು ಡೆಲಿವರಿ ಕೆಲಸಕ್ಕೆ ಹೋಗುತ್ತಾರೆ. ಸಂಬಳ ಏರಿಸಿ ನೋಡಿದ್ದಾಯಿತು. ಬೆಳಗ್ಗೆ 9.30ರಿಂದ ರಾತ್ರಿ 9ರವರೆಗೆ ಕೆಲಸ, ಊಟಕ್ಕೆ ಒಂದು ಗಂಟೆ ಬಿಡುವು. ಗುರಿ ಮುಟ್ಟಿದವರಿಗೆ ತಿಂಗಳ ಕೊನೆಗೆ ಇನ್ಸೆಂಟಿವ್. ದೀಪಾವಳಿ ಸೀಸನ್ ಒಳಗೆ ಇದು ಸರಿಹೋಗಬೇಕು. ತಿಳಿದವರು ಹೇಳಿ.

ಗಲ್ಲಾ_ಲೆಕ್ಕ:
ಸರ್, ಮೊದಲು ಹೊತ್ತು ನೋಡಿ. ಊಟ ಕಳೆದರೂ ದಿನಕ್ಕೆ ಹತ್ತೂವರೆ ಗಂಟೆ ಆಗುತ್ತದೆ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವಾರಕ್ಕೆ 48 ಗಂಟೆ ಮಿತಿ; ಮೀರಿದ ಹೊತ್ತಿಗೆ ದುಪ್ಪಟ್ಟು ಕೂಲಿ. ಎರಡು ಪಾಳಿ ಮಾಡಿ: 9.30ರಿಂದ 6.30 ಒಂದು, 12ರಿಂದ 9 ಇನ್ನೊಂದು. ಊಟದ ಗಂಟೆ ಕಳೆದು ದಿನಕ್ಕೆ 8, ಆರು ದಿನಕ್ಕೆ ಸರಿಯಾಗಿ 48. ಗಿರಾಕಿ ಸಂಜೆ ಜಾಸ್ತಿ, ಹಾಗಾಗಿ ಬೆಳಗಿನ ಪಾಳಿಗೆ 5 ಜನ, ಮಧ್ಯಾಹ್ನದ್ದಕ್ಕೆ 9 ಜನ.

ಶಟರ್ ಇಳಿಯುವುದು 9ಕ್ಕೆ, ಹುಡುಗರು ಹೊರಗೆ ಬರುವುದು 9.45ಕ್ಕೆ. ಯಾಕೆ? ಬಿಚ್ಚಿ ತೋರಿಸಿದ ಸೀರೆಗಳ ರಾಶಿ. ಒಂದು ಸೀರೆಯನ್ನು ಅಂಚು ಕೂಡಿಸಿ, ಸೆರಗು ಮೇಲೆ ಬರುವ ಹಾಗೆ ಮಡಚಲು ಒಂದೂಕಾಲು ನಿಮಿಷ ಹಿಡಿಯಿರಿ. ನೂರು ಸೀರೆಗೆ ಎರಡು ಗಂಟೆಗೂ ಮೇಲೆ. 7 ಗಂಟೆಯಿಂದ ಒಬ್ಬರನ್ನು ಮಡಚುವುದಕ್ಕೇ ಬಿಡಿ, ದಿನಕ್ಕೊಬ್ಬರ ಸರದಿ. ಹಳಬರೂ ಆ ಸರದಿಯಲ್ಲಿ ಇರಬೇಕು, ಹೊಸಬರ ತಲೆಗೇ ಕಟ್ಟಬೇಡಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸುತ್ತಲ ಹಳ್ಳಿಯ ಹೆಣ್ಣುಮಕ್ಕಳಿಗೆ ಬಸ್ ಖರ್ಚಿಲ್ಲದೆ ಪೇಟೆಗೆ ಬಂದುಹೋಗಲು ಆಗುತ್ತಿದೆ. ಆದರೆ ಕೊನೇ ಬಸ್ ತಪ್ಪಿದರೆ ಮರುದಿನದಿಂದ ಮನೆಯವರು ಕಳಿಸುವುದಿಲ್ಲ. ಯಾರ ಊರಿಗೆ ಕೊನೇ ಬಸ್ ಎಷ್ಟಕ್ಕೆ ಎಂದು ಬರೆದು ಗಲ್ಲಾ ಪಕ್ಕ ಅಂಟಿಸಿ, ಅವರನ್ನು ಬೆಳಗಿನ ಪಾಳಿಗೇ ಹಾಕಿ.

ಸೀಸನ್_ಸ್ಟಾಕ್:
ಇನ್ಸೆಂಟಿವ್ ಬಗ್ಗೆ. ಬರೀ ಒಬ್ಬೊಬ್ಬರ ಮಾರಾಟದ ಮೇಲೆ ಕೊಟ್ಟರೆ ಬಾಗಿಲಲ್ಲೇ ಗಿರಾಕಿಗೆ ಕಿತ್ತಾಟ. ಗೋಡೌನ್‌ಗೆ ಹೋಗಿ ಸೈಜ್ ತರುವವರು ಯಾರೂ ಇರುವುದಿಲ್ಲ. ದೊಡ್ಡ ಗಿರಾಕಿ ಹಳಬರ ಪಾಲಾಗುತ್ತದೆ, ಹೊಸಬನಿಗೆ ಕರವಸ್ತ್ರ, ಬನಿಯನ್. ಅವನು ಬಿಡದೆ ಏನು ಮಾಡುತ್ತಾನೆ?

ಒಬ್ಬೊಬ್ಬರ ಬದಲು ಇಡೀ ಕೌಂಟರಿನ ಮಾರಾಟದ ಲೆಕ್ಕಕ್ಕೆ ಬನ್ನಿ. ಉದಾಹರಣೆಗೆ ಗುರಿ 5 ಲಕ್ಷ, ಮಾರಾಟ 6 ಲಕ್ಷ. ಹೆಚ್ಚಿನ 1 ಲಕ್ಷಕ್ಕೆ 3% ಅಂದರೆ 3,000. ಆ ಕೌಂಟರಿನಲ್ಲಿ ನಾಲ್ವರಿದ್ದರೆ ತಲಾ 750. ಇದರ ಮೇಲೆ ಹಳೇ ಸ್ಟಾಕ್ ಪೀಸ್‌ಗೆ 20 ರೂಪಾಯಿ, ಅದು ಮಾತ್ರ ಮಾರಿದವರಿಗೆ. ಪೀಸಿನ ದುಡ್ಡು ಶನಿವಾರ ಶನಿವಾರ ಕೈಗೆ ಬರಲಿ; ಡೆಲಿವರಿ ಕೆಲಸ ಹುಡುಗರನ್ನು ಎಳೆಯುವುದೇ ವಾರದ ದುಡ್ಡಿನಿಂದ. ಗುರಿ ಹೋದ ವರ್ಷದ ಅದೇ ತಿಂಗಳು ನೋಡಿ ಇಡಿ. ಮದುವೆ ಸೀಸನ್ನಿನ ಗುರಿಯನ್ನೇ ಆಷಾಢಕ್ಕೂ ಇಟ್ಟರೆ ಯಾರಿಗೂ ಮುಟ್ಟುವುದಿಲ್ಲ. ಮುಟ್ಟಿದ ತಕ್ಷಣ ಗುರಿ ಏರಿಸುವುದಂತೂ ಬೇಡವೇ ಬೇಡ, ಒಂದು ಸಲ ಹಾಗಾದರೆ ಮುಂದೆ ಯಾರೂ ನಂಬುವುದಿಲ್ಲ.

ಹುಬ್ಬಳ್ಳಿ_ಅಕ್ಕ:
ಅಣ್ಣಾರ, ಕೂಡಾಕ ಜಾಗ ಐತೇನು? ಇದನ್ನ ಯಾರೂ ಕೇಳಲಿಲ್ಲ ನೋಡ್ರಿ. ಕೋಯಿಕ್ಕೋಡ್‌ನ ಮಿಠಾಯಿ ಬೀದಿಯ ಜವಳಿ ಅಂಗಡಿಯ ಹೆಣ್ಣುಮಕ್ಕಳು ಹೋರಾಡಿದ ಮ್ಯಾಲೆ ಕೇರಳ 2018ರಾಗ ಕೂಡೋ ಹಕ್ಕಿಗೆ ಕಾನೂನು ತಂತು. 2021ರಾಗ ತಮಿಳುನಾಡೂ ತಂತು. ಕೌಂಟರಿಗೆ ಎರಡು ಎತ್ತರದ ಸ್ಟೂಲ್ ಹಾಕ್ರಿ, ಗಿರಾಕಿ ಇಲ್ಲದಾಗ ಕೂತರ ಯಾರೂ ಬೈಬಾರದು. ಶೌಚಾಲಯಕ್ಕ ಹೋಗಾಕ ಯಾರ ಅಪ್ಪಣೆನೂ ಬ್ಯಾಡ.

ಮೊದಲ ಹದಿನೈದು ದಿನ ಹೊಸಬರನ್ನ ಗಿರಾಕಿ ಮುಂದ ಒಬ್ಬರನ್ನೇ ನಿಲ್ಲಿಸಬ್ಯಾಡ್ರಿ. ದಿನಾ ಬೆಳಿಗ್ಗೆ ಅರ್ಧ ತಾಸು, ಒಂದೇ ಮಾಲು: ಇವತ್ತು ಇಳಕಲ್ ಸೀರಿ, ನಾಳೆ ಮೈಸೂರು ಸಿಲ್ಕ್. ಸೆರಗು ಹೆಂಗ ಗುರುತಿಸೋದು, ಒಗೆಯೋದು ಹೆಂಗ, ರೇಟು ಯಾಕ ಹೆಚ್ಚು. ಗಿರಾಕಿ ಕೇಳಿದ್ದಕ್ಕ ಉತ್ತರ ಬರದ, ನಾಲ್ಕು ಮಂದಿ ಮುಂದ ಬೈಸಿಕೊಂಡ ಹುಡುಗಿ ಮರುದಿನ ಬರೋದಿಲ್ರಿ.

ದಾವಣಗೆರೆ_ಜವಳಿ:
ಅಕ್ಕ, ಸ್ಟೂಲ್ ಇಲ್ಲ, ನಾಳೆಯೇ ತರಿಸುತ್ತೇನೆ. ಇನ್ನೊಂದು: ಸ್ಟಾಕ್ ಕಡಿಮೆ ಬಂದರೆ ಎಲ್ಲರ ಸಂಬಳದಲ್ಲೂ ಸ್ವಲ್ಪ ಸ್ವಲ್ಪ ಹಿಡಿಯುತ್ತೇವೆ. ಅದೂ ಕಾರಣ ಇರಬಹುದೇ?

ಗಲ್ಲಾ_ಲೆಕ್ಕ:
ಖಂಡಿತ ಇರಬಹುದು, ಇವತ್ತೇ ನಿಲ್ಲಿಸಿ. ಒಬ್ಬರ ಅಜಾಗರೂಕತೆಯಿಂದಲೇ ನಷ್ಟ ಆಗಿದೆ ಎಂದು ತೋರಿಸಿ, ಅವರ ಮಾತು ಕೇಳಿದ ಮೇಲೆ ಮಾತ್ರ ಹಿಡಿಯಬಹುದು. ಎಲ್ಲರ ಮೇಲೂ ಹಂಚಲು ಕಾನೂನಿನಲ್ಲಿ ಜಾಗವಿಲ್ಲ. ತಿಂಗಳಿಗೊಮ್ಮೆ ಪೂರ್ತಿ ಸ್ಟಾಕ್ ಎಣಿಸುವ ಬದಲು ದಿನಾ ಬೆಳಗ್ಗೆ ಒಂದು ರ್‍ಯಾಕ್ ಎಣಿಸಿ ಬಾರ್‌ಕೋಡ್ ಲೆಕ್ಕಕ್ಕೆ ತಾಳೆ ನೋಡಿ, ಎಲ್ಲಿ ಕಡಿಮೆ ಬೀಳುತ್ತಿದೆ ಎಂದು ಬೇಗ ಗೊತ್ತಾಗುತ್ತದೆ. ಮತ್ತೆ, ಮಾರ್ಕ್ಸ್ ಕಾರ್ಡ್ ಒರಿಜಿನಲ್ ಯಾರದ್ದಾದರೂ ಇಟ್ಟುಕೊಂಡಿದ್ದರೆ ವಾಪಸ್ ಕೊಟ್ಟುಬಿಡಿ. 14 ಜನ ಇದ್ದೀರಿ, ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಆಗಲೇಬೇಕು: ನಿಮ್ಮಿಂದ 3.25%, ಅವರಿಂದ 0.75%. ಕಾರ್ಡ್ ಮಾಡಿಸಿದರಷ್ಟೇ ಸಾಲದು, ಅದರಲ್ಲಿ ಅಪ್ಪ ಅಮ್ಮನ ಹೆಸರು ಯಾವಾಗ ಸೇರಿಸಬಹುದು ಎಂದು ಸೇರಿದ ದಿನವೇ ಕೂರಿಸಿ ಹೇಳಿ.